ಅಪ್ಪನ ಗ್ರೀಕ್ ದೇವರು ಮತ್ತು ಹರಕೆಯ ಹುಂಜ

ನನ್ನಪ್ಪ ಚಂದ್ರಶೇಖರಯ್ಯ ಹೊಳೆನರಸೀಪುರದಲ್ಲಿ ಕಾಂಪೌಂಡರ್. ಒಂದು ಕಡೆ ಕೂರುವ ಜೀವವೇ ಅಲ್ಲ. ಊಟದ ನಡುವೆ ಎದ್ದು ಔಷಧಿ ಸೀಸೆಯ ಬಿರಡೆ ಬಿಗಿಯಾಗಿದೆಯೇ ಎಂದು ನೋಡಿ ಬರುವವರು. ಅಂಥವರ ಮಗಳಿಗೆ, ಅಂದರೆ ನನಗೆ, ಒಂಬತ್ತನೇ ವಯಸ್ಸಿನಲ್ಲಿ ವಿಷಮಶೀತ ಜ್ವರ ಬಂತು. ಮೂವತ್ತೆಂಟನೇ ಇಸವಿ. ಆ ಜ್ವರಕ್ಕೆ ಆಗ ಮದ್ದೇ ಇರಲಿಲ್ಲ.

ಊರಿಗೆಲ್ಲ ಔಷಧಿ ಬೆರೆಸಿದ ಕೈ ಮಗಳಿಗೆ ಬರೀ ಗಂಜಿ ಕುಡಿಸಬೇಕಾಯಿತು. ಹದಿನೈದನೇ ದಿನ ಅಪ್ಪ, ಡಾಕ್ಟರ್ ವೆಂಕಟರಾಮಯ್ಯನವರ ಕೋಣೆಯಲ್ಲಿದ್ದ ಒಂದು ಪಟವನ್ನು ಬೇಡಿ ತಂದರು. ಗಡ್ಡದ ಮುದುಕ, ಕೈಯಲ್ಲಿ ಕೋಲು, ಕೋಲಿಗೆ ಸುತ್ತಿಕೊಂಡ ಹಾವು. ಹಳೇ ಗ್ರೀಕರ ವೈದ್ಯದೇವರಂತೆ, ಹೆಸರು ಆಸ್ಕ್ಲೇಪಿಯಸ್.

ಅವ್ವ ನೀಲಗಂಗಮ್ಮ ಕೆಂಡವಾದಳು. “ಎದೆ ಮ್ಯಾಲೆ ಲಿಂಗ ಕಟ್ಕಂಡು ಕಂಡೋರ ದ್ಯಾವ್ರಿಗೆ ಕೈ ಮುಗೀತೀರಾ? ಮಠದಯ್ನೋರು ಕೇಳುದ್ರೆ ಏನಂದಾರು?”

“ಶಿವನ್ನ ಬುಟ್ಟಿಲ್ಲ ಕಣೇ. ಹಾವು ನೋಡು, ನಮ್ಮ ಶಿವನ ನೆಂಟನೇ ಇರ್ಬೇಕು” ಎಂದರು ಅಪ್ಪ.

ದೇವರ ಮನೆಗೆ ಅವ್ವ ಬಿಡಲಿಲ್ಲ. ಪಟ ಸೀಸೆಗಳ ಗೂಡಿನಲ್ಲಿ ಕೂತಿತು. ದಿನವೂ ಲಿಂಗಪೂಜೆ ಮುಗಿಸಿ ಅಪ್ಪ ಅದಕ್ಕೆ ಸಕ್ಕರೆ ಹಾಲು ಇಡುತ್ತಿದ್ದರು. “ಮಗು ಉಳಿದ್ರೆ ನಿನಗೆ ಏನು ಸಲ್ಬೇಕೋ ಅದನ್ನೇ ಸಲ್ಲಿಸ್ತೀನಿ” ಎಂದು ಹರಕೆ ಹೊತ್ತರು. ಎಡವಟ್ಟಾಗಿದ್ದು ಇಲ್ಲೇ! ದೇವರದು ಸಿಹಿ ಎಡೆಯೋ ರಕ್ತದ ಎಡೆಯೋ ಎಂದು ತಿಳಿಯದೆ ನಮ್ಮ ಕಡೆ ಯಾರಾದರೂ ಹರಕೆ ಹೊರುತ್ತಾರೆಯೇ? ಓದಿದವರು ಹೊತ್ತರು.

ನಾನು ಉಳಿದೆ. ಅಪ್ಪ ಕೊಬ್ಬರಿ ಸಕ್ಕರೆ ಹಿಡಿದು ಡಾಕ್ಟರ ಬಳಿಗೆ ಓಡಿದರು. ಅವರು ನಕ್ಕುಬಿಟ್ಟರು. “ವಾಸಿಯಾದ ಮೇಲೆ ಗ್ರೀಕರು ಅವನಿಗೆ ಹುಂಜ ಬಲಿ ಕೊಡ್ತಿದ್ರಂತೆ ಕಣ್ರೀ!”

ಮೊಟ್ಟೆ ಮುಟ್ಟಿದರೂ ಸ್ನಾನ ಮಾಡುವ ಅಪ್ಪನಿಗೆ ಅನ್ನ ಇಳಿಯದಾಯಿತು. ಮಾತು ತಪ್ಪಿದರೆ ಜ್ವರ ಮರಳೀತೆಂಬ ದಿಗಿಲು. ಕೊನೆಗೆ ದಂಡಿಗನಹಳ್ಳಿಯ ರೈತ ಬೋರಪ್ಪನ ಹತ್ತಿರ ಹುಂಜ ಕೊಂಡರು.

“ನಾನೇ ಕುಯ್ದುಕೊಡ್ತೀನಿ ಸಾ, ನೀವು ಕಣ್ಮುಚ್ಕಳಿ” ಎಂದನಂತೆ ಬೋರಪ್ಪ.

ಅಪ್ಪನಿಂದಾಗಲಿಲ್ಲ. ಜೀವಂತ ತಂದು, ಪಟಕ್ಕೆ ತೋರಿಸಿ, “ಇದು ನಿಂದು, ಬೇಕಾದಾಗ ತಗೋ” ಎಂದು ಹಿತ್ತಲಿಗೆ ಬಿಟ್ಟರು. ಲಿಂಗವಂತರ ಮನೆಯಲ್ಲಿ ಕೋಳಿ! ಬೀದಿಯವರಿಗೆಲ್ಲ ನಗು. ಅದು ಕೂಗಿದೊಡನೆ ಅಪ್ಪ ಬಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದರು. ಒಂದೆರಡು ದಿನವಲ್ಲ, ಆರು ವರ್ಷ. ನನಗೆ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. “ಏನೂ ಆಗಿಲ್ಲ ಓಗಪ್ಪಾ” ಎಂದು ಕೈ ತಳ್ಳಿ ಮುಸುಕೆಳೆಯುತ್ತಿದ್ದೆ.

ಒಂದು ಬೆಳಿಗ್ಗೆ ಹುಂಜ ಕೂಗಲಿಲ್ಲ. ಮುಪ್ಪಾಗಿತ್ತು, ಬಾವಿಕಟ್ಟೆಯ ಹತ್ತಿರ ಸತ್ತು ಬಿದ್ದಿತ್ತು. ಅಪ್ಪ ಕೆಲಸಕ್ಕೆ ಹೋಗಲಿಲ್ಲ. “ಅವನೇ ತಗಂಡ್ನೋ, ಸುಮ್ನೆ ಸತ್ತೋಯ್ತೋ?” ಎನ್ನುತ್ತ ಕೂರುವರು, ಏಳುವರು, ನನ್ನ ಹಣೆ ಮುಟ್ಟುವರು. ಮಧ್ಯಾಹ್ನಕ್ಕೆ ನನಗೆ ತಡೆಯಲಾಗಲಿಲ್ಲ. ಪಟದ ಮುಂದೆ ನಿಂತು ಕಿರುಚಿದೆ: “ಸಾಕು ಮಾಡಯ್ಯಾ! ನಮ್ಮಪ್ಪನ್ನ ಬುಟ್ಬುಡು. ಬೇಕಿದ್ರೆ ನನ್ನೇ ತಗಂಡೋಗು!”

ಕೆನ್ನೆಗೆ ಏಟು ಬಿತ್ತು. ಅಪ್ಪ ಅದುವರೆಗೆ ನನ್ನ ಮೇಲೆ ಕೈ ಮಾಡಿದವರಲ್ಲ. ನನಗೆ ಅಳು ಬರುವ ಮುಂಚೆಯೇ, ಹೊಡೆದ ಕೈಯನ್ನೇ ನನ್ನ ಹಣೆಯ ಮೇಲಿಟ್ಟು ನೋಡಿದರು.

“ಬಿಸಿ ಇಲ್ಲ ಕಣವ್ವಾ, ಬಿಸಿ ಇಲ್ಲ” ಎಂದರು.

ಆ ಕೈಯನ್ನು ಅವತ್ತು ನಾನು ತಳ್ಳಲಿಲ್ಲ.