ಹಾರವಾಡದ ಮೇಲಿನ ಕಡುಗೆಂಪು

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನಾನು ಕಾರವಾರದ ಒಂದು ಸಣ್ಣ ಖಾಸಗಿ ಕಚೇರಿಯಲ್ಲಿ ನಕ್ಷೆ ತಯಾರಿಸುತ್ತಿದ್ದೆ. ಒಂದು ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ಅಂಕೋಲಾ ಕರಾವಳಿಯ ಕಡಲ್ಕೊರೆತದ ನಕ್ಷೆ. ಬೇರೆ ಬೇರೆ ವರ್ಷಗಳ ಉಪಗ್ರಹ ಚಿತ್ರಗಳಲ್ಲಿ ದಡದ ಗೆರೆ ಎಲ್ಲಿತ್ತೆಂದು ಗುರುತಿಸಿ, ಕಡಲು ಹೀಗೇ ಮುಂದುವರಿದರೆ ಯಾವ ಜಾಗಕ್ಕೆ ಎಷ್ಟು ಅಪಾಯ ಎಂಬುದನ್ನು ಬಣ್ಣದಲ್ಲಿ ತೋರಿಸಬೇಕಿತ್ತು.

ಮೊದಲ ಪ್ರತಿಯಲ್ಲಿ ರಸ್ತೆ, ಗದ್ದೆ, ಹಳ್ಳ ಎಲ್ಲವನ್ನೂ ತುಂಬಿ, ಹಸಿರಿನಿಂದ ನೇರಳೆಯವರೆಗೆ ಸಿಕ್ಕ ಬಣ್ಣವನ್ನೆಲ್ಲ ಬಳಸಿದ್ದೆ. ನಮ್ಮ ಹಿರಿಯ ಎಂಜಿನಿಯರರು ಅದನ್ನು ನೋಡಿ, "ಚೆಂದ ಏನೋ ಇದೆ, ಆದರೆ ಏನು ಹೇಳ್ತಿದೆ ಅಂತ ತಿಳೀತಿಲ್ಲ. ಬಸ್ಸಿಗೆ ಹೊರಟವರು ಒಂದು ಸಲ ಕಣ್ಣು ಹಾಯಿಸಿದರೂ ಅರ್ಥ ಆಗ್ಬೇಕು," ಅಂದರು.

ಬೇಡದ್ದನ್ನು ಒಂದೊಂದಾಗಿ ತೆಗೆಯುತ್ತ ಹೋದೆ. ನೆಲಕ್ಕೆ ಮಾಸಲು ಬೂದು, ಕಡಲಿಗೆ ತೀರ ತೆಳು ನೀಲಿ. ಅಪಾಯಕ್ಕೆ ಕೆಂಪೊಂದೇ: ಕಡಿಮೆಯಿದ್ದಲ್ಲಿ ತಿಳಿ, ಹೆಚ್ಚಿದ್ದಲ್ಲಿ ಗಾಢ. ಜನ ಗುರುತು ಹಿಡಿಯಲೆಂದು ಶಾಲೆ, ದೇವಸ್ಥಾನಗಳನ್ನು ಮಾತ್ರ ಉಳಿಸಿ, ಊರಿನ ಹೆಸರುಗಳನ್ನು ಕಡಲಿನ ಖಾಲಿ ಜಾಗಕ್ಕೆ ಸರಿಸಿದೆ. ನಕ್ಷೆ ಸ್ಪಷ್ಟವಾದಷ್ಟೂ ನನಗೆ ದಿಗಿಲಾಗುತ್ತ ಬಂತು. ಬೆಳಂಬಾರದಲ್ಲಿ ತಿಳಿಯಾಗಿದ್ದ ಪಟ್ಟಿ ಹಾರವಾಡದಲ್ಲಿ ಕಡುಗೆಂಪಾಗಿ ಒಳಕ್ಕೆ ಚಾಚಿತ್ತು. ನನ್ನ ಚಿಕ್ಕಿಯ ಮನೆ ಅದರ ನಟ್ಟನಡುವೆ ಇತ್ತು.

ತಪ್ಪಿರಬಹುದೆಂಬ ಆಸೆಯಿಂದ ಜಿಪಿಎಸ್ ಹಿಡಿದು ಹಾರವಾಡಕ್ಕೆ ಹೋಗಿ ದಡದುದ್ದಕ್ಕೂ ನಡೆದೆ. ದಡ ನಕ್ಷೆಯಲ್ಲಿದ್ದುದಕ್ಕಿಂತಲೂ ಒಳಗೆ ಸರಿದಿತ್ತು. ಗಾಳಿಮರಗಳು ಬೇರು ಹೊರಬಿದ್ದು ನೀರಿನತ್ತ ವಾಲಿದ್ದವು.

ಚಿಕ್ಕಿಯ ಅಂಗಳದಲ್ಲಿ ಚಿರೆಕಲ್ಲು ಒಟ್ಟಿತ್ತು. ಚಿಕ್ಕಪ್ಪ ಕಡಲಿನ ಕಡೆಗೆ ಹೊಸ ಕೋಣೆ ಕಟ್ಟಿಸಲು ಹೊರಟಿದ್ದ. ನಾನು ಜಗುಲಿಯ ಮೇಲೆ ನಕ್ಷೆ ಹರಡಿದೆ.

"ಬಣ್ಣ ಚಂದ ಅದೆ," ಅಂದಳು ಚಿಕ್ಕಿ. "ನಮ್ಮನಿ ಎಲ್ಲಿ ಅದೆ ಇದ್ರಲ್ಲಿ?"

ಬೆರಳಿಟ್ಟು ತೋರಿಸಿದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಆ ಕೆಂಪಿನ ಮೇಲೆ ತಾನೂ ಬೆರಳಿಟ್ಟಳು.

"ಸಮುದ್ರ ಮಳೆಗಾಲಕ್ಕೆ ಬರ್ತದೆ, ಮತ್ತೆ ಹೋಗ್ತದೆ," ಅಂದ ಚಿಕ್ಕಪ್ಪ. "ನಮ್ಮಪ್ಪನ ಕಾಲದಿಂದ ನೋಡ್ತಾ ಬಂದವ ನಾನು."

"ಈಗ ಬಂದದ್ದು ತಿರುಗಿ ಹೋಗೂದಿಲ್ಲ, ಚಿಕ್ಕಪ್ಪ. ಕಟ್ಟೂದಿದ್ರೆ ಅವರ್ಸಾದಲ್ಲಿ ಗದ್ದೆ ಬದಿ ನಿಮ್ದೇ ಜಾಗ ಅದೆಯಲ್ಲ, ಅಲ್ಲಿ ಕಟ್ಟಿ."

ಅವನು ಎದ್ದು ಕಲ್ಲಿನ ಕಡೆ ನಡೆದ. ಆಗ ಚಿಕ್ಕಿ ತಲೆ ಎತ್ತದೆಯೇ, ನನ್ನತ್ತ ಕೈ ತೋರಿಸಿ ಅವನನ್ನು ಕೇಳಿದಳು: "ಬಾವಿ ನೀರು ಉಪ್ಪಾದದ್ದು ಅದಕ್ಕೆ ಹೇಳೂದಿಲ್ಲ ಎಂತಕ್ಕೆ?"

ಶಿವರಾತ್ರಿ ಕಳೆದಾಗಿನಿಂದ ಅವರು ಕುಡಿಯುವ ನೀರನ್ನು ಶಾಲೆಯ ಬಾವಿಯಿಂದ ಹೊರುತ್ತಿದ್ದರಂತೆ. ಊರಿನಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಚಿಕ್ಕಪ್ಪ ಬೆನ್ನು ತಿರುಗಿಸಿಕೊಂಡೇ, ಅವರ್ಸಾಕ್ಕೆ ಟೆಂಪೋ ಬಾಡಿಗೆ ಎಷ್ಟಾಗಬಹುದೆಂದು ಕೇಳಿದ.

ಮಳೆ ಹಿಡಿಯುವ ಮೊದಲು ಕಲ್ಲುಗಳು ಟೆಂಪೋ ಏರಿ ಅವರ್ಸಾಕ್ಕೆ ಹೋದವು. ಹಿಂದೆಯೇ ಮನೆಯಿಂದ ಬಿಚ್ಚಿದ ಹಂಚು, ಛಾವಣಿಯ ಪಕಾಸಿ, ಬಾಗಿಲುಗಳೂ ಹೋದವು. ಆ ಮಳೆಗಾಲದಲ್ಲಿ ಮೊದಲು ಬಾವಿ, ಆಮೇಲೆ ಅಡುಗೆಮನೆಯ ಗೋಡೆ ಕಡಲಿಗೆ ಹೋಯಿತು.

ನೋಡಲು ಚಿಕ್ಕಪ್ಪನ ಜೊತೆ ನಾನೂ ಹೋಗಿದ್ದೆ. ಪಕ್ಕದ ಮನೆಯವನು ತನ್ನ ಅಂಗಳದಂಚಿಗೆ ಮರಳಿನ ಚೀಲ ಒಟ್ಟುತ್ತಿದ್ದ. ಪಂಚಾಯ್ತಿಯ ಗೋಡೆಗೆ ಹಚ್ಚಿದ್ದ ನನ್ನ ನಕ್ಷೆಯನ್ನು ಅವನೂ ನೋಡಿದ್ದ.

"ನೀವು ಯಾವಾಗ ಬಿಡೂದು?" ಚಿಕ್ಕಪ್ಪ ಕೇಳಿದ.

"ಬಿಟ್ಟು ಎಲ್ಲಿಗೆ ಹೋಗೂದು? ನಮಗೆ ಬೇರೆ ಜಾಗ ಎಲ್ಲಿ ಅದೆ?" ಅಂದ ಅವನು, ಕೈಯ ಕೆಲಸ ನಿಲ್ಲಿಸದೆ.

ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಚೀಲದ ಇನ್ನೊಂದು ತುದಿ ಹಿಡಿದ. ನಾವು ಅಲ್ಲಿದ್ದಷ್ಟು ಹೊತ್ತೂ ನೀರು ಏರುತ್ತಲೇ ಇತ್ತು.