ಒಲೆ ಹಚ್ಚದ ಸಿಹಿ

ಎರಡು ವರ್ಷದಿಂದ ನಾನು ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ಕೈಚೀಲದಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ಊಟದ ಡಬ್ಬಿ, ಕನ್ನಡಕ, ಛತ್ರಿ, ಜೊತೆಗೆ ಇದೂ ಒಂದು. ಒಮ್ಮೆ ಮೆಟ್ರೊ ನಿಲ್ದಾಣದಲ್ಲಿ ಚೀಲ ನೋಡುವ ಹೆಂಗಸು ಅದನ್ನು ಹೊರಗೆ ತೆಗೆಸಿ, "ಇದೇನ್ ಮೇಡಂ?" ಎಂದು ಕೇಳಿದಳು. "ನಮ್ಮಕ್ಕನ ಒಲೆ" ಎಂದೆ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಈಗ ಹಾಗೆ ಹೇಳಲು ಉಳಿದಿರುವವಳು ಅಕ್ಕ ಒಬ್ಬಳೇ.

ಚಾಮರಾಜಪೇಟೆಯ ಮಹಡಿ ಮನೆಯಲ್ಲಿ ನಾವಿಬ್ಬರೇ ಇರುವುದು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೆಲ್ಲ ಸತ್ತುಹೋಗಿದ್ದಾರೆ, ಅಷ್ಟರಮಟ್ಟಿಗೆ ನೆಮ್ಮದಿ. ನಾನು ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಕ್ಕ ಮೂವತ್ತು ವರ್ಷ ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಕೊಡುತ್ತಿದ್ದಳು. ವಿಶ್ವೇಶ್ವರಪುರದಿಂದ, ಬಸವನಗುಡಿಯಿಂದ ಜನ ಬಂದು ನಮ್ಮ ಕಡಿದಾದ ಮೆಟ್ಟಿಲು ಹತ್ತುತ್ತಿದ್ದರು. ಏದುಸಿರು ಬಿಡುತ್ತ, "ಕೆಳಗೆ ರಸ್ತೆಯಿಂದಾನೇ ಘಮ್ಮಂತಿತ್ತು ಕಣ್ರೀ" ಎನ್ನುತ್ತಿದ್ದರು.

ನಮ್ಮ ಅಮ್ಮನ ಕಾಲದಿಂದ ಅಡುಗೆಮನೆಯಲ್ಲಿ ಒಂದು ಕಟ್ಟು ಇತ್ತು. ದೇವರಿಗೆ ಇಡುವ ಮೊದಲು ಯಾವುದನ್ನೂ ನಾಲಿಗೆಗೆ ಇಡುವಂತಿಲ್ಲ. ಉಪ್ಪು ಸರಿಯಿದೆಯೇ ಎಂದು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುವುದು ನಮ್ಮಲ್ಲಿ ಕಳ್ಳತನಕ್ಕೆ ಸಮ. ಹಾಗಾಗಿ ಅಕ್ಕನಿಗೆ ಎಲ್ಲ ಅಳತೆಯೂ ಮೂಗಿನಲ್ಲೇ ಇತ್ತು. ಸಾರು ಕುದಿಯುವಾಗ ಪಾತ್ರೆಯ ಮೇಲೆ ಬಗ್ಗಿ, "ಉಪ್ಪು ಕಡಿಮೆ" ಎನ್ನುತ್ತಿದ್ದಳು. ಉಪ್ಪಿಗೆ ಎಲ್ಲಿಯ ವಾಸನೆ ಎಂದು ನಾನು ಛೇಡಿಸುತ್ತಿದ್ದೆ. ಊಟಕ್ಕೆ ಕೂತಾಗ ಉಪ್ಪು ಸರಿಯಾಗಿಯೇ ಇರುತ್ತಿತ್ತು. ಅವಳ ಡಬ್ಬಿಗಳಿಗೆ ಹೆಸರಿನ ಚೀಟಿ ಇರಲಿಲ್ಲ. ಮುಚ್ಚಳ ಎತ್ತಿ ಮೂಸಿದರೆ ಮುಗಿಯಿತು.

ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ಕಾಯಿಲೆಯ ವರ್ಷ ಇಬ್ಬರಿಗೂ ಜ್ವರ ಬಂತು. ಇಬ್ಬರಿಗೂ ವಾಸನೆ ಹೋಯಿತು. ಹದಿನೈದು ದಿನಕ್ಕೆ ನನಗೆ ವಾಪಸ್ ಬಂತು, ಅಕ್ಕನಿಗೆ ಬರಲಿಲ್ಲ. ವಾಸನೆಯಿಂದ ಏನೂ ಆಗಬೇಕಾಗಿಲ್ಲದ ನನ್ನ ಮೂಗಿಗೆ ಅದು ಮರಳಿ ಬಂದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಕ್ಕ ಕೊತ್ತಂಬರಿ ಬೀಜ ಹುರಿಯುತ್ತ ನಿಂತಿದ್ದಳು. ಅದು ಕಪ್ಪಗಾಗಿ ಹೊಗೆ ಎದ್ದರೂ ಕೈ ಆಡಿಸುತ್ತಲೇ ಇದ್ದಳು. ಮೂವತ್ತು ವರ್ಷದಿಂದ ಬರುತ್ತಿದ್ದ ಒಬ್ಬರು ಪೊಟ್ಟಣ ವಾಪಸ್ ತಂದು, ಬೇಜಾರು ಮಾಡ್ಕೋಬೇಡಿ ಎಂದು ಮೂರು ಸಲ ಹೇಳಿ, ಸೀದ ವಾಸನೆ ಎಂದರು. ಮಾರನೆಯ ವಾರ ಅಕ್ಕ ಪುಡಿ ಮಾಡುವುದನ್ನು ನಿಲ್ಲಿಸಿದಳು.

ಗ್ಯಾಸಿನದು ಆಮೇಲೆ ಆದದ್ದು. ಹಾಲು ಉಕ್ಕಿ ಉರಿ ನಂದಿದೆ. ಅಕ್ಕ ಅಲ್ಲೇ ನೆಲದ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಾಳೆ. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು ಕೂಗಿಕೊಳ್ಳುವವರೆಗೂ ಅವಳಿಗೆ ಗೊತ್ತಾಗಿಲ್ಲ. ನಾನು ಸಂಜೆ ಬಂದವಳು ವಿಷಯ ಕೇಳಿ, ಅವಳ ವಯಸ್ಸನ್ನೂ ನೋಡದೆ ಕಿರುಚಾಡಿಬಿಟ್ಟೆ. ರೆಗ್ಯುಲೇಟರ್ ಕಿತ್ತು ಚೀಲಕ್ಕೆ ಹಾಕಿಕೊಂಡದ್ದು ಅವತ್ತು. ಅಂದಿನಿಂದ ಬೆಳಿಗ್ಗೆ ಅಡುಗೆ ನನ್ನದೇ. ನಾನು ಮಾಡುವ ಅಡುಗೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಅಕ್ಕ ಮಧ್ಯಾಹ್ನ ಅದನ್ನೇ ತಣ್ಣಗೆ ತಿಂದು, ಪಾತ್ರೆ ತೊಳೆದಿಟ್ಟು, ನಾನು ಬರುವವರೆಗೆ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಒಂದು ಲೋಟ ಕಾಫಿ ಬಿಸಿ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನೂ ನಾನು ಅವಳಿಂದ ಕಿತ್ತುಕೊಂಡಿದ್ದೆ. ಅವಳು ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಡಾಕ್ಟರು ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ನಿಂಬೆಹಣ್ಣು, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ, ಇಷ್ಟನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸುತ್ತ, ಹಳೆಯ ವಾಸನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಕ್ಕ ವರ್ಷಗಟ್ಟಲೆ ಮಾಡಿದಳು. ದಿನಾ ನಾನು "ಬಂತಾ?" ಎಂದು ಕೇಳುವುದು, ಅವಳು "ಇಲ್ಲ" ಎನ್ನುವುದು. ಕೊನೆಯ ಸಲ ಹೋದಾಗ ಡಾಕ್ಟರು ಚೀಟಿ ಬರೆಯುತ್ತಲೇ, "ಇಷ್ಟು ವರ್ಷ ಆದ್ಮೇಲೆ ಬರೋದು ಕಷ್ಟ ಅಮ್ಮ, ಇದಕ್ಕೇ ಒಗ್ಗಿಕೊಳ್ಳಿ" ಎಂದರು. ಅಕ್ಕ ಅವರಿಗೆ ಕೈಮುಗಿದಳು. ಮನೆಗೆ ಬಂದು ಲವಂಗವನ್ನು ಲವಂಗದ ಡಬ್ಬಿಗೆ ವಾಪಸ್ ಹಾಕಿದಳು. ನಾನು ಮಾತ್ರ ಮೇಜಿನ ಮೇಲೆ ದಿನಾ ಒಂದು ನಿಂಬೆಹಣ್ಣು ಇಡುತ್ತಲೇ ಇದ್ದೆ. ಹಟ.

ಕಾಲೇಜಿನಲ್ಲಿ ಮಧ್ಯಾಹ್ನದ ಹೊತ್ತು ಗ್ರಂಥಾಲಯಕ್ಕೆ ನರಪಿಳ್ಳೆಯೂ ಬರುವುದಿಲ್ಲ. ಫೋನಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಮೆಕ್ಸಿಕೊದ ಒಬ್ಬ ಅಜ್ಜಿ ಒಲೆಯನ್ನೇ ಹಚ್ಚದೆ ನಿಂಬೆಹಣ್ಣಿನ ಸಿಹಿಯೊಂದನ್ನು ಮಾಡುತ್ತಿದ್ದಳು. ಕಾರ್ಲೋಟಾ ಎಂದು ಅದರ ಹೆಸರು. ಡಬ್ಬದಲ್ಲಿ ಬರುವ ಗಟ್ಟಿ ಸಿಹಿ ಹಾಲಿಗೆ ನಿಂಬೆರಸ ಹಿಂಡಿ ಕಲಸುವುದು, ಒಂದು ಪದರ ಮಾರಿ ಬಿಸ್ಕತ್ತು, ಅದರ ಮೇಲೊಂದು ಪದರ ಆ ಹಾಲು, ಮತ್ತೆ ಬಿಸ್ಕತ್ತು. ಹೀಗೆ ಜೋಡಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟರೆ ಆಯಿತು. ಅವಳ ಮಾತು ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಹಣ್ಣು ಕೊಯ್ಯುವ ಮೊದಲು ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು ನೋಡಿ, ಥೇಟು ನಮ್ಮಕ್ಕ. ನನಗೆ ಅಲ್ಲೇ ಅಳು ಬಂತು.

ಒಲೆ ಬೇಡ, ನಿಂಬೆಹಣ್ಣು ಬೇಕು. ನನ್ನ ಹುಚ್ಚುತಲೆಗೆ ಅಷ್ಟು ಸಾಕಾಯಿತು. ಬಾಯೊಳಗಿನಿಂದಲೂ ವಾಸನೆ ಮೂಗಿಗೆ ಏರುತ್ತದೆ ಎಂದು ಡಾಕ್ಟರು ಒಮ್ಮೆ ಹೇಳಿದ್ದು ನೆನಪಿತ್ತು. ಹೊರಗಿನಿಂದ ಹೋಗದ ನಿಂಬೆಯ ಘಮ ಒಳಗಿನಿಂದಾದರೂ ಹೋದೀತು ಎಂದುಕೊಂಡೆ. ಗುರುವಾರ ಸಂಜೆ ಮಾರ್ಕೆಟ್ಟಿನಲ್ಲಿ ಇಳಿದು, ವಿಡಿಯೊದಲ್ಲಿ ಕಂಡ ಹಾಗೆ ಹಸಿರು ನಿಂಬೆಕಾಯಿಗಳನ್ನೇ ಆರಿಸತೊಡಗಿದೆ. ಬುಟ್ಟಿ ಇಟ್ಟುಕೊಂಡಿದ್ದವಳು, "ಕಾಯಿ ಯಾಕ್ ತಗೋತೀರಮ್ಮ, ರಸ ಬರಲ್ಲ" ಎಂದು ಬೈದು, ನಾಲ್ಕು ಹಣ್ಣನ್ನು ತಾನೇ ಸೇರಿಸಿದಳು. ಬಿಸ್ಕತ್ತು, ಹಾಲಿನ ಡಬ್ಬ, ಕೆನೆ ಎಲ್ಲ ತಂದೆ. ನಮ್ಮ ಮನೆಯಲ್ಲಿ ಅಂಗಡಿಯ ಸಾಮಾನು ಪ್ಯಾಕೆಟ್ಟಿನಲ್ಲೇ ಉಳಿಯುವ ಹಾಗಿಲ್ಲ, ತಂದ ತಕ್ಷಣ ಡಬ್ಬಿಗೆ ಹೋಗಬೇಕು. ಮೇಲಿನ ಹಲಗೆಯಿಂದ ಮುಚ್ಚಳ ನೆಗ್ಗಿದ ಖಾಲಿ ಡಬ್ಬಿ ಒಂದನ್ನು ಇಳಿಸಿ, ಬಟ್ಟೆಯಿಂದ ಒರೆಸಿ, ಬಿಸ್ಕತ್ತನ್ನೆಲ್ಲ ತುಂಬಿ ಬಿಗಿಯಾಗಿ ಮುಚ್ಚಿಟ್ಟೆ.

ಶನಿವಾರ ಮಧ್ಯಾಹ್ನ ಅಕ್ಕನನ್ನು ಕಿಟಕಿಯಿಂದ ಎಬ್ಬಿಸಿದೆ.

"ಹಾಲಿಗೆ ನಿಂಬೆಹಣ್ಣಾ? ತಲೆ ನೆಟ್ಟಗಿದ್ಯಾ ನಿಂಗೆ? ಒಡೆದುಹೋಗತ್ತೆ ಕಣೇ."

"ಒಡೆಯಲ್ಲ ಅಂತ ಅವಳು ಮಾಡಿ ತೋರಿಸಿದಾಳೆ."

"ಯಾವಳು?"

"ಮೆಕ್ಸಿಕೊದವಳು."

"ಅವಳ ಮನೆ ಹಾಲು ಬೇರೆ ಇರ್ಬೋದು" ಎಂದಳು ಅಕ್ಕ. ಆದರೂ ಎದ್ದು ಬಂದು ಸೆರಗು ಸಿಕ್ಕಿಸಿದಳು. ಆ ಸೆರಗು ಸಿಕ್ಕಿಸುವುದನ್ನು ನೋಡಿ ಎಷ್ಟು ದಿನವಾಗಿತ್ತು! ನಾನು ಹಣ್ಣು ಹಿಂಡಿದೆ, ಅವಳು ಬೀಜ ಸೋಸಿದಳು. ಸಿಹಿ ಹಾಲು, ಕೆನೆ ಹಾಕಿ, ರಸವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋದೆ. ಅಕ್ಕ ಸೌಟು ಆಡಿಸುತ್ತ, ಈಗ ಒಡೆಯುತ್ತೆ, ಈಗ ಒಡೆಯುತ್ತೆ ಎಂದು ಮುಖ ಸಣ್ಣದು ಮಾಡಿಕೊಂಡಿದ್ದಳು. ಒಡೆಯಲಿಲ್ಲ, ದೋಸೆ ಹಿಟ್ಟಿನ ಹಾಗೆ ಮಂದವಾಯಿತು. "ಅರೆ, ಗಟ್ಟಿ ಆಗ್ತಿದೆ ನೋಡೇ!" ಎಂದಳು. ನನಗೆ ಆಸೆ ಹುಟ್ಟಿದ್ದು ಆ ಗಳಿಗೆಯಲ್ಲಿ. ಹುಟ್ಟಬಾರದಿತ್ತು.

ಇದು ದೇವರಿಗೆ ಇಡುವ ಸಿಹಿಯಲ್ಲ. ಅಂಗಡಿಯ ಬಿಸ್ಕತ್ತು ದೇವರ ಮುಂದೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಇಬ್ಬರಲ್ಲಿ ಒಬ್ಬರ ಬೆರಳೂ ನಾಲಿಗೆಗೆ ಹೋಗಲಿಲ್ಲ. ಕೈಗೆ ಅಂಟಿದ್ದನ್ನು ನಲ್ಲಿ ಕೆಳಗೆ ಹಿಡಿದು ತೊಳೆದುಕೊಂಡೆವು. ನಾನು ಒಳಗಿನಿಂದ ಬಿಸ್ಕತ್ತುಗಳನ್ನು ತಟ್ಟೆಗೆ ಸುರಿದು ತಂದುಕೊಟ್ಟೆ, ಅಕ್ಕ ಅವನ್ನು ಹೆಂಚು ಹೊದಿಸಿದಷ್ಟು ಒಪ್ಪವಾಗಿ ಜೋಡಿಸಿದಳು. ಆರು ಪದರವಾಯಿತು. ಮುಚ್ಚಳ ಹಾಕಿ ಫ್ರಿಜ್ಜಿಗೆ ಇಟ್ಟೆವು. "ನಾಳೆ ತಿನ್ನೋದು ಅಂದ್ರೆ ತಂಗಳಾಗತ್ತಲ್ಲೇ" ಎಂದು ಗೊಣಗಿದಳು. ಗೊಣಗಿದ್ದೂ ಎಷ್ಟು ಹಿತವಾಗಿತ್ತು.

ಭಾನುವಾರ ಊಟವಾದ ಮೇಲೆ ಹೊರಗೆ ತೆಗೆದೆ. ಮೇಲೆ ನಿಂಬೆಯ ಸಿಪ್ಪೆಯನ್ನು ಸಣ್ಣಗೆ ತುರಿದು ಉದುರಿಸಿದೆ. ಕೋಣೆಯೆಲ್ಲ ನಿಂಬೆ ನಿಂಬೆ. ದೊಡ್ಡವರಿಗೆ ಮೊದಲು ಬಡಿಸುವುದು, ಅವರು ಬಾಯಿಗಿಟ್ಟ ಮೇಲೆ ನಾವು ತಿನ್ನುವುದು, ಅದೂ ಒಂದು ಕಟ್ಟೇ. ತಟ್ಟೆಗೆ ಒಂದು ತುಂಡು ಕತ್ತರಿಸಿ ಹಾಕಿ ಅವಳ ಎದುರು ಕೂತೆ. ಅಕ್ಕ ಚಮಚವನ್ನು ತಳದವರೆಗೆ ಇಳಿಸಿ, ಎಲ್ಲ ಪದರವೂ ಬರುವ ಹಾಗೆ ತೆಗೆದು ಬಾಯಿಗಿಟ್ಟಳು. ಅಗಿದಳು. ನಿಲ್ಲಿಸಿದಳು. ಕಣ್ಣು ಮುಚ್ಚಿದಳು.

"ಬಂತು ಕಣೇ" ಎಂದಳು.

"ಏನು?"

"ನಿಂಬೆಹಣ್ಣಿಂದು. ವಾಸನೆ ಬಂತು. ಸಣ್ಣಕ್ಕೆ, ಹಿಂದಿನಿಂದ."

"ಹುಳಿ ಇರ್ಬೇಕು ಅಕ್ಕ. ಹುಳಿ ನಿಂಗೆ ಮೊದಲೂ ಗೊತ್ತಾಗ್ತಿತ್ತು."

"ಹುಳಿ ಯಾವುದು ವಾಸನೆ ಯಾವುದು ಅಂತ ನಂಗೆ ಗೊತ್ತಿಲ್ವಾ?" ಎಂದು ಗದರಿ, ಇನ್ನೊಂದು ಚಮಚ ತಿಂದಳು. ಪುಡಿ ಮಾಡಿ ಕೊಡುತ್ತಿದ್ದ ಕಾಲದ ಗದರಿಕೆ ಅದು. ನಾನು ಎದ್ದು ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡೆ. ಹಾಗೆಲ್ಲ ಮಾಡುವ ಮನೆಯಲ್ಲ ನಮ್ಮದು. ಇಬ್ಬರಿಗೂ ನಾಚಿಕೆಯಾಯಿತು. ಅಕ್ಕ ತಟ್ಟೆ ನೋಡುತ್ತಲೇ, "ಹಾಗಿದ್ರೆ ನಾಳೆಯಿಂದ ಅದನ್ನ ತಗೊಂಡು ಹೋಗ್ಬೇಡ" ಎಂದಳು. "ಯಾವುದು?" ಎಂದು ನಾನು ಕೇಳಲಿಲ್ಲ. "ಒಂದು ಲೋಟ ಕಾಫಿ ನಾನೇ ಮಾಡ್ಕೋತೀನಿ. ಒಂದು ಸೇರು ಕೊತ್ತಂಬರಿ ಬೀಜ ತಂದ್ಕೊಡು, ನೋಡೋಣ."

ಆಗಲಿ ಎನ್ನುವುದರಲ್ಲಿದ್ದೆ. ಅದಕ್ಕೆ ಮೊದಲು ನನಗೂ ಒಂದು ತುಂಡು ಹಾಕಿಕೊಂಡು ಬಾಯಿಗಿಟ್ಟೆ.

ಇಂಗು.

ಬಾಯಿ, ಗಂಟಲು, ಮೂಗು ಎಲ್ಲ ಇಂಗು. ನಿಂಬೆ ಎಂಬುದು ಎಲ್ಲೂ ಇಲ್ಲ. ನಾನು ಇಳಿಸಿದ ಖಾಲಿ ಡಬ್ಬಿ ಅಕ್ಕ ಗಟ್ಟಿ ಇಂಗು ಇಡುತ್ತಿದ್ದ ಡಬ್ಬಿ. ಬಿಸ್ಕತ್ತು ಎರಡು ದಿನ ಅದರಲ್ಲಿದ್ದು ಅದನ್ನೇ ಹೀರಿಕೊಂಡಿತ್ತು. ಜೋಡಿಸುವಾಗ ನನಗೆ ತಿಳಿಯಲಿಲ್ಲ. ಆ ಅಡುಗೆಮನೆಯ ಗೋಡೆಗೇ ಇಂಗಿನ ವಾಸನೆ ಹತ್ತಿದೆ, ಮೇಲಾಗಿ ಅವತ್ತು ಸಾರಿನ ಒಗ್ಗರಣೆಗೂ ಹಾಕಿದ್ದೆ. ಹಳೆಯ ಅಕ್ಕನಾಗಿದ್ದರೆ ಡಬ್ಬಿ ಹಲಗೆಯಿಂದ ಇಳಿಯುವಾಗಲೇ ನಡುಮನೆಯಿಂದ ಕೂಗಿಕೊಳ್ಳುತ್ತಿದ್ದಳು. ಮೂಗಿರುವ ಯಾವ ಪ್ರಾಣಿಯೂ ಅದರ ಎರಡನೆಯ ಚಮಚ ತಿನ್ನಲಾರದು. ಅಕ್ಕ ತಟ್ಟೆ ಖಾಲಿ ಮಾಡಿದ್ದಳು.

"ಹೇಗಿದೆ?" ಎಂದಳು.

"ಚೆನ್ನಾಗಿದೆ."

ಪೂರ್ತಿ ತಿಂದೆ. ಅವಳು ಇನ್ನೊಂದು ತುಂಡು ಹಾಕಿದಳು, ಅದನ್ನೂ ತಿಂದೆ. ಅವಳು ಸುಳ್ಳು ಹೇಳಿದಳೋ, ಒಲೆ ಬೇಕೆಂಬ ಆಸೆಗೆ ನಿಜವಾಗಿಯೂ ಹಾಗನ್ನಿಸಿತೋ, ದಿನಾ ಕೇಳುವ ನನಗೊಮ್ಮೆ ಹೂಂ ಎನ್ನೋಣ ಎಂದುಕೊಂಡಳೋ, ಇವತ್ತಿನವರೆಗೂ ನಾನು ಕೇಳಿಲ್ಲ.

ಸೋಮವಾರ ಬೆಳಿಗ್ಗೆ ಅಡುಗೆ ಮುಗಿಸಿ ಒಲೆಯ ಮುಂದೆ ಸುಮ್ಮನೆ ನಿಂತೆ. ಬಿಟ್ಟು ಹೋದರೆ ಏನಾದೀತು ಎಂದು ಎಲ್ಲವನ್ನೂ ಯೋಚಿಸಿದೆ. ಕೆಳಗಿನ ಮನೆಯಲ್ಲಿ ಎರಡು ಮಕ್ಕಳಿವೆ. ರೆಗ್ಯುಲೇಟರ್ ಕಿತ್ತು ಚೀಲಕ್ಕೆ ಹಾಕಿದೆ. ತಿರುಗಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ನೋಡಿದ್ದಳು. ನನಗೆ ಮುಖ ಎತ್ತಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕಳ್ಳಿಯ ಹಾಗೆ ಮೆಟ್ಟಿಲಿಳಿದೆ.

ಸಂಜೆ ಬಂದಾಗ ಸಿಹಿಯ ಪಾತ್ರೆ ತೊಳೆದು ಬೋರಲು ಹಾಕಿತ್ತು. ಮೇಜಿನ ಮೇಲೆ ನಿಂಬೆಹಣ್ಣು ಇರಲಿಲ್ಲ. ಅಕ್ಕ ಬಚ್ಚಲಿನಲ್ಲಿ ಕೂತು, ಮುಚ್ಚಳ ನೆಗ್ಗಿದ ಆ ಡಬ್ಬಿಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆ ನೆಗ್ಗನ್ನೂ ತಳದಲ್ಲಿದ್ದ ಬಿಸ್ಕತ್ತಿನ ಪುಡಿಯನ್ನೂ ನೋಡಿ ಅವಳು ಗುರುತು ಹಿಡಿದಿದ್ದಳು. ನೀರು ಸುರಿದು ತೊಳೆದು, ಸೆರಗಿನಿಂದ ಒರೆಸಿ, ಹಳೆಯ ಅಭ್ಯಾಸಕ್ಕೆ ಮೂಗಿನ ಹತ್ತಿರ ತಂದವಳು ಅಲ್ಲೇ ನಿಲ್ಲಿಸಿದಳು. ಆಮೇಲೆ ಅದನ್ನು ನನ್ನ ಕಡೆ ಚಾಚಿದಳು.

"ಇಂಗಿನ ವಾಸನೆ ಹೋಯ್ತಾ, ನೋಡು."

ಮೂಸಿದೆ. "ಇಲ್ಲ ಅಕ್ಕ, ಇನ್ನೂ ಇದೆ" ಎಂದೆ.

"ಸರಿ" ಎಂದು ಇಸಿದುಕೊಂಡು ಮತ್ತೆ ತಿಕ್ಕಲು ಕೂತಳು.