ಒಂದೇ ಗಾಡಿಯ ಲೈಸೆನ್ಸು

ಪಾಪಯ್ಯ ತೀರಿಕೊಂಡು ಇಪ್ಪತ್ತು ದಿನವಾಯಿತು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಊರುಗೋಲು ಊರಿಕೊಂಡು ‘ಅರಕಲಗೂಡು, ಅರಕಲಗೂಡು’ ಎಂದು ಕೂಗಿ ಜನ ಹತ್ತಿಸುತ್ತಿದ್ದವನನ್ನು ಆ ರಸ್ತೆಯಲ್ಲಿ ಓಡಾಡಿದವರೆಲ್ಲ ಬಲ್ಲರು. ಅವನು ಡ್ರೈವರಾಗಿದ್ದ ಎಂಬುದು ಅವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ನಾವಿಬ್ಬರೂ ಒಂದೇ ಊರಿನವರು. ನಾಲ್ಕನೆಯ ಕ್ಲಾಸಿನವರೆಗೆ ಒಟ್ಟಿಗೆ ಓದಿದೆವು. ಆಮೇಲೆ ನಾನು ಓದುತ್ತಾ ಹೋಗಿ ಹೈಸ್ಕೂಲು ಮೇಷ್ಟ್ರಾದೆ, ಅವನು ಖಾಸಗಿ ಬಸ್ಸಿನಲ್ಲಿ ಕ್ಲೀನರಾಗಿ ಸೇರಿ ಐವತ್ತೆರಡನೇ ಇಸವಿಯ ಹೊತ್ತಿಗೆ ಡ್ರೈವರಾದ. ಹಾಸನದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ, ಎಂಜಿನ್ ಮುಂದಕ್ಕೆ ಚಾಚಿದ ಮೂತಿ ಬಸ್ಸು. ಅವನು ಗೇರು ಬದಲಿಸಿದ್ದು ಪಕ್ಕದಲ್ಲಿ ಕೂತವನಿಗೂ ತಿಳಿಯುತ್ತಿರಲಿಲ್ಲ. ಉಳಿದ ಡ್ರೈವರುಗಳಂತೆ ಅವನೂ ಇಳಿಜಾರು ಬಂದರೆ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ ಬಸ್ಸನ್ನು ತಾನಾಗಿ ಉರುಳಲು ಬಿಡುತ್ತಿದ್ದ. ಪೆಟ್ರೋಲ್ ಉಳಿಸಲೆಂದು ಮಾಲೀಕರು ಕಲಿಸಿದ್ದ ಅಭ್ಯಾಸ ಅದು.

ಐವತ್ತೆಂಟರಲ್ಲಿ ಟೈರು ಬದಲಿಸುವಾಗ ಜಾಕು ಜಾರಿ ಬಸ್ಸು ಅವನ ಎಡಗಾಲಿನ ಮೇಲೆ ಕೂತಿತು. ಗಾಯ ಕೀವುಗಟ್ಟಿ, ಮೈಸೂರಿನಲ್ಲಿ ಮೊಣಕಾಲಿನ ಕೆಳಕ್ಕೆ ತೆಗೆಯಬೇಕಾಯಿತು. ಕ್ಲಚ್ ತುಳಿಯುವ ಕಾಲು ಹೋದ ಮೇಲೆ ಡ್ರೈವರ್ ಎಲ್ಲಿಂದ ಬಂದ? ಮಾಲೀಕರು ದೊಡ್ಡ ಮನಸ್ಸು ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಕೆಲಸ ಕೊಟ್ಟರು. ಏಳು ವರ್ಷ ಕೂಗಿದ. ಅವನ ಜಾಗಕ್ಕೆ ಬಂದ ಕೆಂಚಯ್ಯ ಬಸ್ಸು ಹೊರಡಿಸಿದ ಮೇಲೂ ಇವನ ಕಿವಿ ಅತ್ತಲೇ ಇರುತ್ತಿತ್ತು. “ಕೆಂಚಯ್ಯ ಇನ್ನೂ ಸೆಕೆಂಡಿಗೆ ಇಳ್ಸಿಲ್ಲ, ಬಸ್ಸು ಮುಕ್ಕುರೀತಾ ಐತೆ ಕೇಳ್ಲಾ” ಎನ್ನುತ್ತಿದ್ದ. ಆ ಹೊತ್ತಿಗೆ ಅವನ ಎಡತೊಡೆ ಪಂಚೆಯೊಳಗೆ ತಾನಾಗಿ ಕೆಳಕ್ಕೆ ಒತ್ತುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅರವತ್ತೈದರ ಬೇಸಿಗೆಯಲ್ಲಿ ಅಮೆರಿಕದ ಕಾರ್ವರ್ ಎಂಬವರು ಹೆಂಡತಿಯೊಂದಿಗೆ ನಮ್ಮ ಕಡೆಯ ದೇವಸ್ಥಾನಗಳ ನಕ್ಷೆ ಬರೆಯಲು ಬಂದರು. ಎರಡು ವರ್ಷದ ಕೆಲಸ. ನನಗೆ ಇಂಗ್ಲಿಷ್ ಬರುತ್ತದೆಂದು ರಜೆಯ ದಿನಗಳಲ್ಲಿ ದುಭಾಷಿಯಾಗಿ ಕರೆದರು. ಹಡಗಿನಲ್ಲಿ ತಂದ ಅವರ ವ್ಯಾನು ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಮುಂದೆ ನಿಂತಿತ್ತು. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಐಸು ಕಟ್ಟುವ ಪೆಟ್ಟಿಗೆ.

“ಮನೇನೇ ಕಟ್ಕಂಡು ಬಂದವ್ರಲ್ಲಪ್ಪಾ! ಇವ್ರ ಸೊಸೆ ಮುನಿಸ್ಕಂಡ್ರೆ ತವ್ರುಗೆ ಎಂಗೋಯ್ತಾಳೆ? ಮನೇನೂ ಜತೇಲೇ ಬತ್ತದಲ್ಲ!” ಎಂದು ಆ ಊರಿನ ಮುದ್ದಮ್ಮ ಎಂಬ ಮುದುಕಿ ಎಲ್ಲರನ್ನೂ ನಗಿಸಿದಳು.

ನಾನು ನೋಡಿದ್ದು ಡ್ರೈವರ್ ಸೀಟಿನ ಕೆಳಗೆ. ಅಲ್ಲಿ ಎರಡೇ ಪೆಡಲು. ಗೇರು ತಾನಾಗಿ ಬದಲಾಗುತ್ತದೆ, ಕ್ಲಚ್ಚೇ ಇಲ್ಲ ಎಂದರು ಕಾರ್ವರ್. ಹಾಸನದಿಂದ ಕರೆಸಿದ್ದ ಇಬ್ಬರು ಡ್ರೈವರುಗಳು ಎಡಗಾಲಲ್ಲಿ ಕ್ಲಚ್ ಹುಡುಕಿ ಹುಡುಕಿ ಬ್ರೇಕನ್ನೇ ತುಳಿದು, ಕಾರ್ವರ್ ಅಮ್ಮನವರ ಪಿಂಗಾಣಿಯನ್ನೆಲ್ಲ ಒಡೆದು ಹೋಗಿದ್ದರು.

ಮುಂದಿನ ಬಸ್ಸಿಗೇ ಹೊಳೆನರಸೀಪುರಕ್ಕೆ ಹೋಗಿ ಪಾಪಯ್ಯನಿಗೆ ಹೇಳಿದೆ.

“ಕ್ಲಚ್ ಇಲ್ದಿರೋ ಗಾಡಿಯಾ? ಓಗ್ಲಾ ಮೇಷ್ಟ್ರೇ, ಓದಿ ಓದಿ ತಲೆ ಕೆಟ್ಟದೆ ನಿಂಗೆ.”

“ಬಂದು ನೋಡೋ.”

“ಕುಂಟುನ್ನ ಕುಣ್ಸಕ್ಕೆ ಕರೀತಿದ್ದೀಯಲ್ಲ, ನಗ್ತಾರೆ ಕಣ್ಲಾ ಜನ” ಎಂದ. ಆದರೆ ಊರುಗೋಲು ತೆಗೆದುಕೊಂಡು ಎದ್ದೇಬಿಟ್ಟ.

ಸ್ಟೀರಿಂಗು ಎಡಕ್ಕಿತ್ತು. ಗೇರಿನ ಕಡ್ಡಿಯ ಪಕ್ಕದಲ್ಲಿದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ನಾನು ಪ್ಲಾಸ್ಟರ್ ಅಂಟಿಸಿ ‘ನಿಲ್ಲು, ಹಿಂದೆ, ಸುಮ್ಮನೆ, ಓಡು’ ಎಂದು ಬರೆದುಕೊಟ್ಟೆ. ಮೊದಲ ದಿನ ಮೊಸಳೆಯ ಕೆರೆ ಏರಿಯ ಮೇಲೆ ಒಂದು ಮೈಲಿ ಹೋಗಿ ಬಂದ. ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಕಾರ್ವರ್ ಅಮ್ಮನವರು ತಲೆ ತಿರುಗಿತೇನೋ ಎಂದುಕೊಂಡು ನೀರು ತಂದರು.

ಲೈಸೆನ್ಸು ಕೊಡುವ ಬ್ರೇಕ್ ಇನ್ಸ್‌ಪೆಕ್ಟರ್ ಹಾಸನದ ಮೈದಾನದಲ್ಲಿ ಅವನನ್ನು ಮೂರು ಸುತ್ತು ಓಡಿಸಿದರು. “ಇಡೀ ಜಿಲ್ಲೇಲಿ ಈ ಗಾಡಿಗೆ ಸರಿಯಾದ ಕಾಲಿರೋನು ನೀನೊಬ್ಬನೇ ಕಣಯ್ಯ” ಎಂದು ನಕ್ಕು, ಲೈಸೆನ್ಸಿನಲ್ಲಿ ವ್ಯಾನಿನ ನಂಬರು ಬರೆದು ‘ಈ ಒಂದು ವಾಹನಕ್ಕೆ ಮಾತ್ರ’ ಎಂದು ರುಜು ಹಾಕಿದರು. ಪಾಪಯ್ಯ ಅದನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡ. ಆಮೇಲಿನ ಒಂಬತ್ತು ತಿಂಗಳು ಅವನು ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗಲೆಲ್ಲ ನಿಧಾನ ಮಾಡಿ ಕೆಂಚಯ್ಯನಿಗೆ ಹಾರನ್ ಹೊಡೆಯುತ್ತಿದ್ದ. “ಏನ್ಲಾ, ಮಾವನ ಮನೆಗಾ?” ಎಂದು ಕೆಂಚಯ್ಯ ಕೂಗಿದರೆ, “ಮನೇಲೇ ಕೂತಿವ್ನಿ, ನೀನೇ ಬಾರ್ಲಾ” ಎನ್ನುತ್ತಿದ್ದ.

ಅರವತ್ತಾರರ ಫೆಬ್ರವರಿಯಲ್ಲಿ ಕಾರ್ವರ್ ದಂಪತಿಗಳು ವ್ಯಾನನ್ನು ಶ್ರವಣಬೆಳಗೊಳದಲ್ಲಿ ಪಾಪಯ್ಯನ ವಶಕ್ಕೆ ಬಿಟ್ಟು ಹತ್ತು ದಿನ ಮದರಾಸಿಗೆ ಹೋದರು. ಒಂದು ಭಾನುವಾರ ಸಂಜೆ ಹಾಸನದ ರೈಲ್ವೆ ಸ್ಟೇಷನ್ನಿಗೆ ಬಂದು ತಮ್ಮನ್ನು ಕರೆದುಕೊಳ್ಳಬೇಕೆಂದು ಹೇಳಿದ್ದರು. ಹಾಸನಕ್ಕೆ ಅವನ ಜೊತೆ ವ್ಯಾನಿನಲ್ಲಿ ಹೋಗುವ ಆಸೆಯಿಂದ ಶನಿವಾರವೇ ನಾನು ಅಲ್ಲಿಗೆ ಹೋದೆ.

ಭಾನುವಾರ ಬೆಳಿಗ್ಗೆ ಕೀ ತಿರುಗಿಸಿದರೆ ಶಬ್ದವೇ ಇಲ್ಲ. ಐಸು ಪೆಟ್ಟಿಗೆ ಚಾಲೂ ಉಳಿದು ಬ್ಯಾಟರಿ ಸತ್ತಿತ್ತು. ಯಾತ್ರಿಕರು ಹತ್ತು ಜನ ಸೇರಿ ತಳ್ಳಿದರು. ನಮ್ಮ ಬಸ್ಸುಗಳೆಲ್ಲ ತಳ್ಳಿದರೆ ಸ್ಟಾರ್ಟ್ ಆಗುವಂಥವು, ಇದು ಆಗಲಿಲ್ಲ.

“ಬ್ಯಾಟ್ರಿ ಬಿಚ್ಕಂಡು ಚನ್ನರಾಯಪಟ್ಣಕ್ಕೆ ಓಗಿ ಚಾರ್ಜ್ ಆಕಿಸ್ಕಂಡು ಬರಾನ. ನಾಳೆ ಒತ್ತಾರೆ ಒಲ್ಟ್ರಾಯ್ತು. ದೊರೆಗೋಳ್ಗೆ ತಂತಿ ಕೊಡು” ಎಂದ ಪಾಪಯ್ಯ.

ವ್ಯಾನು ಬಿಟ್ಟು ಬಸ್ಸಿಗೆ ಹೋಗಲು ನನಗೆ ಮನಸ್ಸಿಲ್ಲ, ಆದರೆ ಸೋಮವಾರ ಬೆಳಿಗ್ಗೆ ಸ್ಕೂಲಿತ್ತು. ಇನ್‌ಸ್ಪೆಕ್ಷನ್ ಬೇರೆ. ಅಷ್ಟರಲ್ಲಿ ತೆಂಗಿನಕಾಯಿ ತುಂಬಿಕೊಂಡು ಹಾಸನಕ್ಕೆ ಹೊರಟಿದ್ದ ಲಾರಿಯೊಂದು ಬಂತು. ಅದರ ಡ್ರೈವರ್ ಬಸವರಾಜು ಪಾಪಯ್ಯನ ಹಳೆಯ ಗೆಳೆಯ. “ಅಗ್ಗ ಕಟ್ರಪ್ಪ, ಎಳ್ಕಂಡೋಗ್ಬುಡಾನ” ಎಂದ.

ಪಾಪಯ್ಯ ಅನುಮಾನಿಸಿದ. “ಮೇಷ್ಟ್ರೇ, ಇದು ನಮ್ ಗಾಡಿಯಂಗಲ್ಲ. ಆ ಪುಸ್ತಕದಾಗೆ ಏನು ಬರೆದವ್ರೆ ನೋಡ್ಲಾ.”

ಪುಸ್ತಕ ವ್ಯಾನಿನ ಖಾನೆಯಲ್ಲೇ ಇತ್ತು. ನಾನು ಅದರ ಮೊದಲ ಹತ್ತು ಪುಟ ಓದಿದ್ದೆ, ಅಷ್ಟೆ. “ನೋಡಿದ್ದೀನಿ ಕಣೋ. ನ್ಯೂಟ್ರಲ್‌ನಲ್ಲಿ ಎಳೆದರೆ ಏನೂ ಆಗಲ್ಲ” ಎಂದೆ.

ಅವನು ಮತ್ತೆ ಕೇಳಲಿಲ್ಲ. ಇಂಗ್ಲಿಷ್ ಬಲ್ಲವನು ನೋಡಿದ್ದೀನಿ ಎಂದ ಮೇಲೆ ಕೇಳುವುದೇನಿದೆ? ಕಡ್ಡಿಯನ್ನು ‘ಸುಮ್ಮನೆ’ಗೆ ತಂದು, ಹಗ್ಗ ಕಟ್ಟಿಸಿ ಸೀಟಿನಲ್ಲಿ ಕೂತ.

ಮೂವತ್ತು ಮೈಲಿ. ಶಾಂತಿಗ್ರಾಮ ಹತ್ತಿರವಾದಾಗ ಸುಟ್ಟ ವಾಸನೆ ಬಂತು. ಲಾರಿ ನಿಲ್ಲಿಸಿದೆವು. ವ್ಯಾನಿನ ಕೆಳಗಿನಿಂದ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಪಾಪಯ್ಯ ತೆವಳಿಕೊಂಡು ಹೋಗಿ ಬೆರಳಿಗೆ ಹಚ್ಚಿಕೊಂಡು ಮೂಸಿದ. ಹೊರಗೆ ಬಂದವನು ರಸ್ತೆಯ ಮೇಲೆ ಹಾಗೇ ಕೂತ. “ಓಯ್ತು” ಎಂದ.

ಎಂಜಿನ್ ಓಡುತ್ತಿದ್ದರೆ ಮಾತ್ರ ಆ ಗೇರುಪೆಟ್ಟಿಗೆಯೊಳಗೆ ಎಣ್ಣೆ ಹರಿಯುತ್ತದಂತೆ. ಎಂಜಿನ್ ನಿಂತು ಚಕ್ರ ಮಾತ್ರ ಉರುಳಿದರೆ ಒಳಗಿನದೆಲ್ಲ ಒಣಗಿ ಸುಡುತ್ತದೆ. ಆ ಸಂಜೆ ರೈಲಿಳಿದು ವ್ಯಾನಿನ ಬಳಿಗೆ ಬಂದ ಕಾರ್ವರ್ ಇದನ್ನು ಹೇಳಿ, ಪುಸ್ತಕದ ಒಂದು ಪುಟ ತೆರೆದು ನನ್ನ ಮುಂದೆ ಹಿಡಿದರು. ಕಟ್ಟಿ ಎಳೆಯಕೂಡದು ಎಂದು ದಪ್ಪ ಅಕ್ಷರದಲ್ಲಿತ್ತು. ಎಂಜಿನ್ನಿನ ಮಾತನ್ನು ನಾನು ಪಾಪಯ್ಯನಿಗೆ ಕನ್ನಡದಲ್ಲಿ ಹೇಳಿದೆ. ಪುಟದಲ್ಲಿದ್ದುದನ್ನು ಹೇಳಲಿಲ್ಲ.

ಅವನು ಕಾರ್ವರ್ ಕಡೆ ತಿರುಗಿದ. “ಅಂಗಾದ್ರೆ ನನ್ನಿಂದ್ಲೇ ಸಾ. ಇಳಿಜಾರ್ನಾಗೆ ಎಲ್ಡು ಮೂರು ಕಿತ ಎಂಜಿನ್ ಆಫ್ ಮಾಡಿ ಬುಟ್ಟಿದ್ದೆ, ಅಳೆ ಚಾಳಿ. ನನ್ನಿಂದ್ಲೇ ಕೆಟ್ಟೋಗದೆ” ಎಂದು ಕೈಮುಗಿದ. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಹೊಣೆಯೂ ನನ್ನದೇ. ಅವನಿಗೆ ಬೇಸರವಾಗಿದೆ ಎಂದಷ್ಟೇ ಹೇಳಿದೆ.

ಬದಲಿ ಗೇರುಪೆಟ್ಟಿಗೆ ಅಮೆರಿಕದಿಂದ ಬರಬೇಕು. ಬರಲಿಲ್ಲ. ಕಾರ್ವರ್ ಒಂದು ಜೀಪು ಗೊತ್ತುಮಾಡಿಕೊಂಡರು. ಅದಕ್ಕೆ ಮೂರು ಪೆಡಲು, ಬೇರೆ ಡ್ರೈವರು. ವ್ಯಾನು ಗೂಡ್ಸ್ ರೈಲಿನಲ್ಲಿ ಮದರಾಸಿಗೆ ಹೋಯಿತು. ಪಾಪಯ್ಯ ಮತ್ತೆ ‘ಅರಕಲಗೂಡು’ ಎಂದು ಕೂಗತೊಡಗಿದ.

ಮೂರು ವರ್ಷ ವಾರಕ್ಕೊಮ್ಮೆಯಾದರೂ ಅವನನ್ನು ನೋಡುತ್ತಿದ್ದೆ. “ಎಳ್ದಿದ್ರಿಂದ ಅಲ್ಲ ಬುಡು, ನೀನು ಪುಸ್ತಕ ನೋಡೇ ಯೋಳಿದ್ದೆ. ನಾನು ಮೊದ್ಲೇ ಕೆಡ್ಸಿದ್ದೆ. ಸೀಟು ಕೊಟ್ಟ ಗಾಡೀನೇ ತಿಂದಾಕ್ದೆ” ಎನ್ನುತ್ತಿದ್ದ. ಪ್ರತಿ ಸಲವೂ ಈವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೇಳಿದರೆ ವ್ಯಾನು ಬರುವುದಿಲ್ಲ, ಗೆಳೆಯನೂ ಹೋಗುತ್ತಾನೆ ಎಂದು ಸುಮ್ಮನಾಗುತ್ತಿದ್ದೆ. ಈ ಸಲ ಕಾಮಾಲೆಯಾಗಿ ಹಾಸನದ ಆಸ್ಪತ್ರೆಗೆ ಸೇರಿದಾಗ ಹೇಳಿಯೇ ತೀರುತ್ತೇನೆಂದು ಹೋದೆ. ನಾನು ಹೋಗುವ ಹೊತ್ತಿಗೆ ಅವನಿಗೆ ಜನರ ಗುರುತು ಸಿಗುತ್ತಿರಲಿಲ್ಲ. ಕೈ ಹಿಡಿದುಕೊಂಡು ಹೇಳಿದೆ. ಕೇಳಿಸಿರಲಾರದು. ಮೂರನೆಯ ದಿನ ಹೋದ.

ತಿಥಿಯ ಮಾರನೆಯ ದಿನ ಅವನ ಹೆಂಡತಿ ಮಲ್ಲಿಗಮ್ಮ ನನ್ನನ್ನು ಕೇಳಿದಳು. “ಗಾಡಿ ಕೆಡ್ಸಿದ್ದು ನಾನೇ ಅಂತ ನಿದ್ದೇಲೂ ಕನವರಿಸ್ತಿದ್ರು. ನಿಜವಾ ಮೇಷ್ಟ್ರೇ?”

“ಇಲ್ಲಮ್ಮ. ನಾನು ಪುಸ್ತಕ ನೋಡದೇ ನೋಡಿದ್ದೀನಿ ಅಂದೆ. ಎಳೆದದ್ದರಿಂದಲೇ ಕೆಟ್ಟದ್ದು.”

ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಆಗುತ್ತಿತ್ತು. ಮೊರದಲ್ಲಿದ್ದ ಅಕ್ಕಿಯಿಂದ ಇನ್ನೆರಡು ಕಲ್ಲು ಆರಿಸಿ ಹಾಕಿದಳು.

“ಈಗ ನಂಗ್ಯಾಕೆ ಯೋಳ್ತೀರಿ?” ಎಂದು ಎದ್ದು ಒಳಗೆ ಹೋದಳು.